ಚಿಕ್ಕರಾಣಿಯ ಚಾಮರದವಳು

ಹುಲಿಕೆರೆಯ ಮಂಜುಳಾ ಏಳು ತಿಂಗಳಿನಿಂದ ಒಬ್ಬ ರಾಣಿಯ ಹಿಂದೆ ನಿಂತುಕೊಂಡಿದ್ದಳು. ಹೆಸರಿಲ್ಲದ ಪಾತ್ರ, ಮಾತಿಲ್ಲದ ಪಾತ್ರ. ಕೈಯಲ್ಲಿ ಒಂದು ಚಾಮರ, ಮುಖದಲ್ಲಿ ಒಂದು ಮುಗುಳ್ನಗೆ. ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ಏಳೂವರೆಗೆ ಟಿವಿಯಲ್ಲಿ ಬರುವ ‘ಮಕರತೋರಣ’ವನ್ನು ನೋಡುವವರು, ಚಿಕ್ಕರಾಣಿಯ ಭುಜದ ಹಿಂದೆ ಸ್ವಲ್ಪ ಮಸುಕಾಗಿ ಕಾಣುವ ಒಂದು ಕುಂಕುಮದ ಹಣೆಯನ್ನೂ ಒಂದು ಮಲ್ಲಿಗೆ ದಂಡೆಯನ್ನೂ ನೋಡಿರಲೇಬೇಕು. ಅದು ಇವಳು.

ಧಾರಾವಾಹಿಯ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಎಲ್ಲೂ ಇಲ್ಲದ ಒಂದು ರಾಜ್ಯ, ಅಲ್ಲೊಬ್ಬ ಮುದಿರಾಜ, ಅವನಿಗೆ ಇಬ್ಬರು ರಾಣಿಯರು. ಚಿಕ್ಕರಾಣಿಗೆ ಸೇನಾಧಿಪತಿಯ ಮೇಲೆ ಪ್ರೀತಿ. ಅದು ಮದುವೆಗೆ ಮೊದಲಿನ ಪ್ರೀತಿಯಾದ್ದರಿಂದ ನೋಡುವ ಹೆಂಗಸರಿಗೆ ಅವಳ ಮೇಲೆ ಸಿಟ್ಟಿಲ್ಲ. ಹಿರಿರಾಣಿಗೆ ಈ ವಿಷಯ ಗೊತ್ತು. ಹಿರಿರಾಣಿಗೆ ಗೊತ್ತಿದೆ ಎಂಬುದು ಮಂತ್ರಿಗೆ ಗೊತ್ತು. ಏನೂ ಗೊತ್ತಿಲ್ಲದವನು ರಾಜನೊಬ್ಬನೇ. ಮಂತ್ರಿ ಮಡಿಸಿದ ಒಂದು ವಿಷದ ವೀಳ್ಯ ಅಂತಃಪುರದಿಂದ ಓಲಗದ ಸಾಲೆಗೆ ಹೋಗಲು ಎರಡು ವಾರ ತೆಗೆದುಕೊಂಡಿತು. ಅಷ್ಟರಲ್ಲಿ ಎಲೆ ಬಾಡಿ ಹಸುವಿಗೂ ಬೇಡವಾಗಿರುತ್ತದೆ ಎಂದು ಹುಲಿಕೆರೆಯ ಹಾಲಿನ ಡೈರಿಯಲ್ಲಿ ಹೆಂಗಸರು ನಕ್ಕರು. ನಕ್ಕವರೆಲ್ಲ ಏಳೂವರೆಗೆ ಟಿವಿ ಮುಂದೆ ತಪ್ಪದೆ ಕೂತರು.

ಇದೆಲ್ಲ ನಡೆಯುತ್ತಿದ್ದದ್ದು ಮಾದಿಹಳ್ಳಿಯ ಹತ್ತಿರ, ಮುಚ್ಚಿಹೋಗಿದ್ದ ಒಂದು ಅಕ್ಕಿ ಗಿರಣಿಯೊಳಗೆ. ಹಳೇಬೀಡಿನ ಕಲ್ಲುಗುಡಿ ಪಕ್ಕದಲ್ಲೇ ಇದ್ದರೂ ಬೆಂಗಳೂರಿನವರು ಬಂದು ಪ್ಲೈವುಡ್ಡು, ಥರ್ಮಾಕೋಲುಗಳಲ್ಲಿ ಇನ್ನೊಂದು ಗುಡಿ ಕಟ್ಟಿಕೊಂಡರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ನಿಜವಾದ ಗುಡಿಯಲ್ಲಿ ಮೊಳೆ ಹೊಡೆಯುವಂತಿಲ್ಲ, ಕುದುರೆ ನಡೆಸುವಂತಿಲ್ಲ, ದೀಪದ ಮಸಿ ಹಿಡಿಸುವಂತಿಲ್ಲ; ಆದ್ದರಿಂದ ಪೂರ್ತಿ ಅವರ ತಪ್ಪೂ ಅಲ್ಲ ಅನ್ನಿ. ಥರ್ಮಾಕೋಲಿನ ಗುಡಿಯೊಳಗೆ ಥರ್ಮಾಕೋಲಿನ ಒಬ್ಬ ದೇವರನ್ನೂ ನಿಲ್ಲಿಸಿ ಕಪ್ಪು ಬಣ್ಣ ಬಳಿದು ಎಣ್ಣೆ ಸವರಿದ್ದರು.

ಆ ದೇವರಿಂದ ಮೊದಲ ತಿಂಗಳು ದೊಡ್ಡ ತೊಂದರೆಯಾಯಿತು. ದಾಸಿಯರಾಗಿ, ಸೈನಿಕರಾಗಿ, ಓಲಗದ ಜನರಾಗಿ ಬಂದವರೆಲ್ಲ ಸುತ್ತಮುತ್ತಲ ಹಳ್ಳಿಯವರು. ಗಿರಣಿಯ ಬಾಗಿಲಲ್ಲಿ ಚಪ್ಪಲಿಗಳು ಸಾಲಾಗಿ ಬಿದ್ದಿರುತ್ತಿದ್ದವು. ಯಾರೂ ಬಿಡಿ ಅಂದಿರಲಿಲ್ಲ. ಚಿಕ್ಕರಾಣಿ ದೀಪ ಹಚ್ಚಿದಳೋ, ಅರಮನೆಯ ಅಷ್ಟೂ ಕೈಗಳು ಎದೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದವು. ದೀಪ ಉರಿಯುವುದು ಕಂಡರೆ ಇಲ್ಲಿಯವರ ಕೈ ತಾನಾಗಿ ಏಳುತ್ತದೆ. ಎದುರಿಗಿರುವುದು ಕಲ್ಲೋ ಥರ್ಮಾಕೋಲೋ ಎಂದು ಕೈ ವಿಚಾರಿಸುವುದಿಲ್ಲ. ಅಲ್ಲಾಡದೆ ನಿಲ್ಲಬೇಕಾದ ಕಾವಲಿನವರೂ ಕೈಮುಗಿದು ಎಷ್ಟೋ ಟೇಕುಗಳು ಹಾಳಾದವು. ನಿರ್ದೇಶಕ ಮೊದಮೊದಲು ನಕ್ಕ, ಆಮೇಲೆ ಬೈದ.

ಮಂಜುಳಾ ಒಂದೇ ವಾರದಲ್ಲಿ ಕಲಿತುಬಿಟ್ಟಿದ್ದಳು. ಹುಟ್ಟಿದ್ದು ಜಾವಗಲ್‌ನಲ್ಲಿ, ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಿದ್ದವರ ಮಗಳಾಗಿ. ಇಪ್ಪತ್ತಮೂರು ವರ್ಷದ ಹಿಂದೆ ಹುಲಿಕೆರೆಯ ಚನ್ನಪ್ಪನನ್ನು ಮದುವೆಯಾಗಿ ಬಂದಳು. ಎರಡೂವರೆ ಎಕರೆ ರಾಗಿ ಹೊಲ, ನಲವತ್ತು ತೆಂಗಿನ ಮರ, ಎರಡು ಹಸು, ಒಬ್ಬಳು ಅತ್ತೆ. ಮಗಳು ಶಿಲ್ಪಶ್ರೀಯನ್ನು ಹೋದ ವರ್ಷ ಅರಸೀಕೆರೆಗೆ ಕೊಟ್ಟರು. ಮಗಳು ಹೋದ ಮೇಲೆ ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ. ಆಗಲೇ ಧಾರಾವಾಹಿಯ ಸಹಾಯಕ ನಿರ್ದೇಶಕ ಸಿದ್ಧಾರ್ಥ ಎಂಬವನು ಡೈರಿಗೆ ಬಂದು, ಉದ್ದ ಕೂದಲಿರುವ, ಸುಮ್ಮನೆ ನಿಲ್ಲಬಲ್ಲ ಹೆಂಗಸರು ಬೇಕು ಎಂದದ್ದು. ಸುಮ್ಮನೆ ನಿಲ್ಲುವುದು ಸುಲಭ ಎಂದುಕೊಂಡವರು ಒಂದು ಸಲ ಚಾಮರ ಹಿಡಿದು ಮೂರು ಗಂಟೆ ನಿಂತು ನೋಡಬೇಕು. ಬಂದ ಹನ್ನೊಂದು ಜನರಲ್ಲಿ ಉಳಿದವಳು ಇವಳೊಬ್ಬಳೇ. ಅವಳಿಗೆ ಅದರ ಹೆಮ್ಮೆಯಿತ್ತು, ಮತ್ತು ಆ ಹೆಮ್ಮೆಯನ್ನು ಅವಳು ಯಾರಿಂದಲೂ ಮುಚ್ಚಿಡಲಿಲ್ಲ.

ಸಿದ್ಧಾರ್ಥನಿಗೆ ಒಂದೇ ಜಪ, ‘ಕಂಟಿನ್ಯೂಟಿ’. ನಿನ್ನೆ ಎಷ್ಟು ಬಳೆ ಇತ್ತೋ ಇವತ್ತೂ ಅಷ್ಟೇ, ನಿನ್ನೆ ಹೂವು ಯಾವ ಕಡೆ ಇಳಿಬಿದ್ದಿತ್ತೋ ಇವತ್ತೂ ಆ ಕಡೆಯೇ. ದಿನವೂ ಮೊಬೈಲಿನಲ್ಲಿ ಪ್ರತಿಯೊಬ್ಬರ ಫೋಟೊ ತೆಗೆದಿಟ್ಟುಕೊಳ್ಳುತ್ತಿದ್ದ. ಅರಮನೆಯಲ್ಲಿ ಒಂದು ಸಂಜೆ ನಡೆಯುವ ಮಾತುಕತೆಯನ್ನು ಇವರು ಎರಡು ವಾರ ಚಿತ್ರಿಸುತ್ತಿದ್ದರು. ಅದು ಟಿವಿಯಲ್ಲಿ ಬರುವಾಗ ಮೂರು ವಾರ ಕಳೆದಿರುತ್ತಿತ್ತು.

ಆ ಸೋಮವಾರ, ಚಿಕ್ಕರಾಣಿಯ ಬಾಗಿಲಿಗೆ ಕಾವಲು ನಿಲ್ಲಬೇಕಾದವನು ನೆಂಟರ ಮದುವೆಯೆಂದು ಬರಲಿಲ್ಲ.

“ಹೈಟ್ ಇರೋರು ಯಾರಾದ್ರೂ ಸಿಗ್ತಾರಾ ಮಂಜುಳಕ್ಕ? ಸುಮ್ನೆ ನಿಂತ್ಕೊಳ್ಳೋದಷ್ಟೇ,” ಅಂದ ಸಿದ್ಧಾರ್ಥ.

ಚನ್ನಪ್ಪ ಆರಡಿ ಆಳು. ಮಂಜುಳಾ ಅವನಿಗೆ ಫೋನ್ ಮಾಡಿದಳು.

“ಇವತ್ತು ಕಾಯಿ ಕೆಡವಕ್ಕೆ ಆಳು ಬತ್ತಾರೆ ಕಣೇ,” ಅಂದ ಅವನು. “ಅದೂ ಅಲ್ದೆ ಆ ಸೇನಾಧಿಪತಿ ಮುಖ ನೋಡುದ್ರೆ ನಂಗೆ ರೇಗ್ತದೆ. ಯುದ್ಧಕ್ಕೆ ಹೋಗೋದ್ ಬುಟ್ಟು ಹೆಂಗಸರ ಮನೇಲಿ ಓಡಾಡ್ತನೆ.”

“ಕಾಯಿ ನಾಳೆ ಕೆಡವ್ಸಿ. ನಾನು ಕರುಸ್ತೀನಿ ಅಂತ ಇವರ್‍ಗೆ ಹೇಳ್ಬುಟ್ಟಿದೀನಿ, ಬನ್ರೀ.”

ಚನ್ನಪ್ಪ ಬಂದ. ಅವನಿಗೆ ಅಂಟುಮೀಸೆ ಹಚ್ಚಿ, ತಲೆಗೆ ತಗಡಿನ ಶಿರಸ್ತ್ರಾಣ ಇಟ್ಟರು. ನಡುಪಟ್ಟಿ ಕಟ್ಟಲು ಜನವಿರಲಿಲ್ಲವೆಂದು ಮಂಜುಳಾನೇ ಕಟ್ಟಿದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ಗಂಡನಿಗೆ ಬಟ್ಟೆ ತೊಡಿಸಿದ್ದು ಅದೇ ಮೊದಲು. ಸುತ್ತ ನಿಂತ ದಾಸಿಯರು ಚೇಷ್ಟೆ ಮಾಡಿದರು, ಅವನು ನಾಚಿಕೊಂಡ.

ದೃಶ್ಯ ಇಷ್ಟೇ. ಚಿಕ್ಕರಾಣಿ ಕುಲದೇವರ ಮುಂದೆ ದೀಪ ಹಚ್ಚುತ್ತಾಳೆ. ಕಂಬದ ಮರೆಯಿಂದ ಸೇನಾಧಿಪತಿ ಬರುತ್ತಾನೆ. ತಾನು ಗಡಿಗೆ ಹೊರಟಿದ್ದೇನೆ, ತಿರುಗಿ ಬರುವುದು ಖಚಿತವಿಲ್ಲ ಅನ್ನುತ್ತಾನೆ. ಅವಳು ಅಳುತ್ತಾಳೆ. ಹಿಂದೆ ಚಾಮರದವಳು ಏನೂ ಕೇಳಿಸದವಳಂತೆ ಮುಗುಳ್ನಗುತ್ತಿರಬೇಕು, ಬಾಗಿಲಲ್ಲಿ ಕಾವಲಿನವನು ಏನೂ ಕಾಣದವನಂತೆ ನಿಂತಿರಬೇಕು.

ಮೊದಲ ಟೇಕಿನಲ್ಲಿ ಚಿಕ್ಕರಾಣಿಗೆ ನಿಜವಾಗಿಯೂ ಅಳು ಬಂತು. ಹಾಗಾಗುವುದು ಅಪರೂಪ, ಸಾಮಾನ್ಯವಾಗಿ ಕಣ್ಣಿಗೆ ಹನಿ ಹಾಕಬೇಕಾಗುತ್ತಿತ್ತು. ಗಿರಣಿಯೆಲ್ಲ ಉಸಿರು ಬಿಗಿಹಿಡಿದಿತ್ತು. ಮಂಜುಳಾ ರಾಣಿಯ ಹೆರಳನ್ನೇ ನೋಡುತ್ತ ನಗುತ್ತಿದ್ದಳು. ಆಗ ಓರೆಗಣ್ಣಿಗೆ ಬಾಗಿಲ ಕಡೆ ಏನೋ ಅಲುಗಿದಂತಾಯಿತು. ಚನ್ನಪ್ಪನ ಕೈ ಎದೆಗೆ ಹೋಗಿತ್ತು.

ನಿರ್ದೇಶಕ ರಾಣಿಯ ಮಾತು ಮುಗಿಯುವವರೆಗೆ ತಡೆದುಕೊಂಡು ಆಮೇಲೆ ‘ಕಟ್’ ಅಂದ. “ಬಾಗಿಲಲ್ಲಿರೋ ಯಜಮಾನ್ರಿಗೆ ಯಾರಾದ್ರೂ ಹೇಳ್ರಪ್ಪ, ಇದು ದೇವಸ್ಥಾನ ಅಲ್ಲ, ಸೆಟ್ಟು.”

ಎಲ್ಲರೂ ನಕ್ಕರು. ಮೊದಲ ತಿಂಗಳು ತಾವೇ ಕೈಮುಗಿದವರು ಎಲ್ಲರಿಗಿಂತ ಜೋರಾಗಿ ನಕ್ಕರು. ಮಂಜುಳಾಗೆ ಮುಖ ಸುಟ್ಟಂತಾಯಿತು. ಕರೆಸಿದವಳು ಅವಳು, ಅವಳ ಗಂಡನೇ ಹೀಗೆ. ಚಾಮರ ಹಿಡಿದುಕೊಂಡೇ ಬಾಗಿಲಿಗೆ ಹೋದಳು.

“ಕೈ ಇಳಿಸ್ಕಂಡು ನೆಟ್ಟಗೆ ನಿಂತ್ಕಳ್ರೀ. ಎಲ್ಲಾರ ಮುಂದೆ ನನ್ ಮರ್ವಾದಿ ಕಳೀಬ್ಯಾಡಿ.”

ಚನ್ನಪ್ಪ ಏನೋ ಹೇಳಲು ಬಾಯಿ ತೆರೆದ. ಆಮೇಲೆ, “ಆಯ್ತು ಬುಡು,” ಅಂದ.

ಇನ್ನೂ ಮೂರು ಟೇಕುಗಳಾದವು. ಚನ್ನಪ್ಪ ಕದಲಲಿಲ್ಲ. ನಿರ್ದೇಶಕ ಮೆಚ್ಚಿಕೊಂಡ. ಚನ್ನಪ್ಪ ಮೀಸೆ ಕಿತ್ತುಕೊಟ್ಟು ಮೂರು ಗಂಟೆಗೆ ಮನೆಗೆ ಹೊರಟ. ಮಂಜುಳಾಗೆ ಇನ್ನೂ ಓಲಗದ ದೃಶ್ಯ ಬಾಕಿಯಿತ್ತು. ಕೊನೆಯ ಬಸ್ಸು ಹಿಡಿದು ಬರುವಷ್ಟರಲ್ಲಿ ಅವನು ಮಲಗಿಬಿಟ್ಟಿದ್ದ. ಬೆಳಗ್ಗೆ ಹಾಲು ಕರೆಯಲು ಕೊಟ್ಟಿಗೆಗೆ ಹೋದವನು ಅಲ್ಲೇ ಬಿದ್ದ. ಬೇಲೂರಿಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ನಾಡಿ ನೋಡಿ ಕೈ ಬಿಟ್ಟರು. ನಿನ್ನೆ ಎದೆನೋವು ಗಿದೆನೋವು ಅಂತ ಏನಾದರೂ ಹೇಳಿದ್ದರಾ ಎಂದು ಕೇಳಿದರು. “ಇಲ್ಲ,” ಅಂದಳು ಮಂಜುಳಾ. ಸುಳ್ಳಲ್ಲ; ಅವನು ಅವಳಿಗೆ ಹೇಳಿರಲಿಲ್ಲ.

ಆಸ್ಪತ್ರೆಯಿಂದ ತಿರುಗಿ ಬರುವಾಗ, ಹಗರೆಯ ದಾರಿಯಲ್ಲಿ ಎಲ್ಲೋ, ಅವಳಿಗೆ ಆ ಕೈ ನೆನಪಾಯಿತು. ನೆನಪಾದದ್ದು ಮತ್ತೆ ಬಿಡಲಿಲ್ಲ. ದೀಪ ಕಂಡು ಎದ್ದ ಕೈಯೋ, ನೋವಿಗೆ ಎದ್ದ ಕೈಯೋ? ದೀಪಕ್ಕಾದರೆ ಅವಳು ಗದರಿದ್ದು, ಹೆಂಡತಿ ಗಂಡನನ್ನು ಗದರುವ ಸಾವಿರ ಗದರಿಕೆಗಳಲ್ಲಿ ಒಂದು. ನೋವಿಗಾದರೆ, ನೋಯುತ್ತಿದ್ದ ಮನುಷ್ಯನನ್ನು ಕೈ ಇಳಿಸು ಎಂದು ಮೂರು ಟೇಕು ನಿಲ್ಲಿಸಿದವಳು ಅವಳು. ಎಷ್ಟು ಸಲ ನೆನೆದರೂ ಓರೆಗಣ್ಣಿಗೆ ಕಂಡದ್ದು ಅಷ್ಟೇ: ಏನೋ ಎದ್ದಿತು, ಎದೆಗೆ ಹೋಯಿತು.

ಅವಳು ಅಳಲಿಲ್ಲ. ಹಲ್ಲು ಕೀಳುವ ಮೊದಲು ಒಸಡಿಗೆ ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ದವಡೆ ಮುಟ್ಟಿದರೆ ಬೇರೆ ಯಾರದೋ ದವಡೆ ಮುಟ್ಟಿದಂತಿರುತ್ತದೆ. ಅವಳಿಗೆ ಮೈಯೆಲ್ಲ ಹಾಗಿತ್ತು. ಬಂದವರು ತಬ್ಬಿಕೊಂಡರು, ತಬ್ಬಿಸಿಕೊಂಡಳು. ಶಿಲ್ಪಶ್ರೀ ಕಾಲ ಮೇಲೆ ಬಿದ್ದು ಹೊರಳಿದಳು, ಇವಳು ತಲೆ ಸವರಿದಳು. ಅನ್ನ ಇಟ್ಟರೆ ಉಂಡಳು. ಗಂಡ ಸತ್ತರೂ ಗಟ್ಟಿ ಹೆಂಗಸು ಎಂದು ಕೆಲವರು ಮೆಚ್ಚಿ ಹೇಳಿದರು, ಕೆಲವರು ಮೆಚ್ಚದೆ ಹೇಳಿದರು.

ಹನ್ನೊಂದನೆಯ ದಿನ ತಿಥಿ. ಬಳೆಗಳನ್ನು ಹಿಂದಿನ ಕಾಲದ ಹಾಗೆ ಒಡೆಯಲಿಲ್ಲ. ಅತ್ತೆ ದೇವೀರಮ್ಮನೇ ಸೊಸೆಯ ಕೈಗೆ ಸೋಪು ಹಚ್ಚಿ ಒಂದೊಂದಾಗಿ ಜಾರಿಸಿ ತೆಗೆದಳು, ಹಣೆ ಒರೆಸಿದಳು. ದೇವೀರಮ್ಮ ಮೂವತ್ತು ವರ್ಷದಿಂದ ಬೋಳುಹಣೆಯವಳು. ಹೆಚ್ಚು ಮಾತಿನವಳಲ್ಲ, ಮಗ ಹೋದ ಮೇಲಂತೂ ಹಸುವಿನ ಹತ್ತಿರ ಬಿಟ್ಟರೆ ಬೇರೆ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ.

ಅದೇ ಸಂಜೆ ಏಳೂವರೆಗೆ ‘ಮಕರತೋರಣ’ ಬಂತು. ಚಿಕ್ಕರಾಣಿಯ ಹಿಂದೆ ಮಂಜುಳಾ, ತಲೆತುಂಬ ಮಲ್ಲಿಗೆ, ಕೈತುಂಬ ಹಸಿರು ಬಳೆ, ನಗುತ್ತ ನಿಂತಿದ್ದಳು. ತಿಥಿಯ ಊಟ ಮಾಡಿ ಹೋದವರೆಲ್ಲ ಅದನ್ನು ನೋಡಿದರು. ಸೂತಕದ ಮನೆಯಿಂದ ಯಾವಾಗ ಕದ್ದು ಹೋಗಿ ಕುಣಿದು ಬಂದಳು ಎಂದು ಕೆಳಗಿನ ಬೀದಿಯಲ್ಲಿ ಮಾತಾಯಿತು. ಪಕ್ಕದ ಮನೆಯ ಸಾವಿತ್ರಮ್ಮ, ಅದು ಮೂರು ವಾರದ ಹಿಂದೆ ತೆಗೆದದ್ದು ಎಂದು ಎಲ್ಲರಿಗೂ ಬಿಡಿಸಿ ಹೇಳಬೇಕಾಯಿತು. ಊರು ಅರ್ಥಮಾಡಿಕೊಂಡಿತು; ಅರ್ಥವಾದ ಮೇಲೂ ಆಡಿಕೊಂಡಿತು.

ಆ ಮೂರು ವಾರದ ಲೆಕ್ಕ ಮನೆಯಲ್ಲಿ ಇಬ್ಬರಿಗೂ ಹೊಳೆದಿತ್ತು. ಬಾಯಿ ಬಿಟ್ಟವಳು ದೇವೀರಮ್ಮ.

“ಚನ್ನಂದು ಇನ್ನೂ ಬರಬೇಕಲ್ವಾ? ಯಾವತ್ತು ಬತ್ತದೆ?”

“ಗೊತ್ತಿಲ್ಲ ಅತ್ತೆ.”

ಮಗನನ್ನು ಒಮ್ಮೆ ನೋಡುವ ಆಸೆ ಮುದುಕಿಗೆ ಎಂದುಕೊಂಡಳು ಮಂಜುಳಾ. ಅವಳ ಆಸೆ ಬೇರೆ. ಅವಳಿಗೆ ಆ ಕೈ ನೋಡಬೇಕಾಗಿತ್ತು.

ಭಾನುವಾರ ಸಿದ್ಧಾರ್ಥ ಮನೆಗೆ ಬಂದ. ಜಗಲಿಯ ತುದಿಯಲ್ಲಿ ಕೂತು, ಕೊಟ್ಟ ಕಾಫಿ ಕುಡಿಯದೆ ಬಹಳ ಹೊತ್ತು ಲೋಟ ತಿರುಗಿಸಿದ. ವಿಷದ ವೀಳ್ಯದ ಪ್ರಸಂಗ ಅರ್ಧಕ್ಕೆ ನಿಂತಿತ್ತು. ಅದೇ ಸಂಜೆ, ಅದೇ ಅಂತಃಪುರ, ಚಾಮರದವಳು ಇದ್ದಕ್ಕಿದ್ದಂತೆ ಇಲ್ಲವಾದರೆ ನೋಡುವವರಿಗೆ ತಿಳಿದುಬಿಡುತ್ತದೆ. ಎರಡೇ ದಿನದ ಕೆಲಸ. ಆದರೆ ಕುಂಕುಮ, ಹೂವು, ಬಳೆ ಎಲ್ಲ ಮೊದಲಿನ ಹಾಗೆಯೇ ಇರಬೇಕು.

“ಕೇಳೋಕೆ ನಂಗೇ ಒಂಥರಾ ಆಗ್ತಿದೆ ಅಕ್ಕ. ಬೇಡ ಅಂದ್ರೆ ಬೇಡ, ಏನಾದ್ರೂ ಮಾಡ್ತೀವಿ.”

ಮಂಜುಳಾ ಅತ್ತೆಯ ಮುಖ ನೋಡಿದಳು. ದೇವೀರಮ್ಮ ಬಾಗಿಲ ಹಿಂದಿನಿಂದಲೇ, “ಹೋಗಲಿ ಬುಡಪ್ಪ. ಅಲ್ಲಿ ಇಕ್ಕೋದು ಆ ದಾಸಿ ಹಣೆಗಲ್ವಾ,” ಅಂದಳು. ಆಮೇಲೆ ಸೊಸೆಗೆ ಮಾತ್ರ ಕೇಳುವ ಹಾಗೆ, “ಹಂಗೇ ಕೇಳ್ಕಂಡು ಬಾ, ಯಾವತ್ತು ಬತ್ತದೆ ಅಂತ,” ಅಂದಳು.

ಹೀಗೆ, ಹಣೆ ಒರೆಸಿದ ಮೂರನೆಯ ದಿನಕ್ಕೆ ಮಂಜುಳಾ ಮತ್ತೆ ಕನ್ನಡಿಯ ಮುಂದೆ ಕೂತಳು. ಮೇಕಪ್ಪಿನವಳು ಕುಂಕುಮದ ಕಡ್ಡಿ ಹಿಡಿದು ತಡೆದಳು. ಅವಳಿಗೆ ಕೈ ಬರಲಿಲ್ಲ. ಮಂಜುಳಾ ಕಡ್ಡಿ ತೆಗೆದುಕೊಂಡು ತಾನೇ ಇಟ್ಟುಕೊಂಡಳು.

“ದಾಸಿ ಗಂಡ ಸತ್ತಿಲ್ವಲ್ಲ,” ಅಂದಳು. ತಮಾಷೆಗಲ್ಲ, ದುಃಖಕ್ಕೂ ಅಲ್ಲ. ವಿಷಯ ಹಾಗಿತ್ತು.

ಬಳೆಗಳು ಸೋಪಿಲ್ಲದೆ ಏರಲಿಲ್ಲ. ಸಿದ್ಧಾರ್ಥ ಮೊಬೈಲು ತೆಗೆದು ಹಳೆಯ ಫೋಟೊ ಜೊತೆ ಹೋಲಿಸಿದ. ಬೆರಳು ಜಾರಿಸುತ್ತಿರುವಾಗ ಚನ್ನಪ್ಪನ ಫೋಟೊಗಳೂ ಬಂದವು: ಎದುರಿಂದ ಒಂದು, ಪಕ್ಕದಿಂದ ಒಂದು, ಬೆನ್ನಿನಿಂದ ಒಂದು. ಅವನು ಬೇಗ ಮುಂದಕ್ಕೆ ಸರಿಸಿದ. ಅವಳು ನೋಡಿದ್ದಳು; ನೋಡಿ ಏನೂ ಆಗಲಿಲ್ಲ. ಆ ದಿನ ಏಳು ಗಂಟೆ ನಿಂತಳು. ಚಾಮರ ತಾಳ ತಪ್ಪಲಿಲ್ಲ, ಮುಗುಳ್ನಗೆ ಕದಲಲಿಲ್ಲ. ಸುಮ್ಮನೆ ನಿಲ್ಲುವುದು ಈಗ ಮೊದಲಿಗಿಂತ ಸುಲಭವಾಗಿತ್ತು. ಸಂಜೆ ಗಿರಣಿಯ ಹೊರಗಿನ ನಲ್ಲಿಯಲ್ಲಿ ಹಣೆ ತೊಳೆದುಕೊಂಡು, ಬಳೆ ತೆಗೆದು ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿಕೊಟ್ಟು ಬಸ್ಸಿಗೆ ನಿಂತಳು. ಮಾರನೆಯ ದಿನವೂ ಅಷ್ಟೇ.

ಹೊರಡುವ ಮೊದಲು ಸಿದ್ಧಾರ್ಥನನ್ನು ಕೇಳಿದಳು. “ಅವರು ನಿಂತಿದ್ದು ಯಾವ ಟೇಕು ಟಿವೀಲಿ ಹಾಕ್ತೀರ?”

“ನಂಗೂ ಗೊತ್ತಿಲ್ಲ ಅಕ್ಕ, ಎಡಿಟಿಂಗ್ ಬೆಂಗಳೂರಲ್ಲಿ. ಫಸ್ಟ್ ಟೇಕಲ್ಲಿ ಮೇಡಂ ನಿಜವಾಗ್ಲೂ ಅತ್ತಿದ್ರಲ್ಲ, ಅದೇ ಇರಬೇಕು ಅಂತ ಡೈರೆಕ್ಟರ್ ಆಸೆ. ಆದ್ರೆ ಅದ್ರಲ್ಲಿ ಅಣ್ಣ ಕೈ ಎತ್ತಿದಾರೆ.” ಅವನು ತಡೆದು, “ಬರೋ ವಾರ ಗುರುವಾರ ಬರುತ್ತೆ,” ಅಂದ.

ಆ ಒಂಬತ್ತು ದಿನ ಅವಳಿಗೆ ಆತುರವೂ ಇರಲಿಲ್ಲ, ಭಯವೂ ಇರಲಿಲ್ಲ. ಹಾಲು ಕರೆದಳು, ಡೈರಿಗೆ ಹಾಕಿದಳು, ರಾಗಿ ಬೀಸಿಸಿಕೊಂಡು ಬಂದಳು. ಅವನ ಕೈ ಮಾತ್ರ ದಿನಕ್ಕೆ ಹತ್ತು ಸಲ ಅವಳ ಕಣ್ಣೊಳಗೆ ಎದ್ದು ಎದೆಗೆ ಹೋಗುತ್ತಿತ್ತು. ದೇವೀರಮ್ಮ ದಿನಾ ಬೆಳಗ್ಗೆ, “ಇವತ್ತು ಯಾವಾರ?” ಎಂದು ಕೇಳುತ್ತಿದ್ದಳು.

ಗುರುವಾರ ಬಂತು. ಶಿಲ್ಪಶ್ರೀ, ಅಲ್ಲಿಗೆ ಬಂದರೆ ನನಗೆ ತಡೆಯಲಾಗುವುದಿಲ್ಲ, ಅರಸೀಕೆರೆಯಲ್ಲೇ ನೋಡುತ್ತೇನೆ ಎಂದು ಫೋನ್ ಮಾಡಿದಳು. ಸಾವಿತ್ರಮ್ಮ ಏಳು ಗಂಟೆಗೇ ಬಂದು ಕೂತಳು, ಜೊತೆಗೆ ಬೀದಿಯ ಇನ್ನೂ ಐದಾರು ಹೆಂಗಸರು. ಮಂಜುಳಾ ಗೋಡೆಗೆ ಒರಗಿದಳು. ದೇವೀರಮ್ಮ ಎಂದೂ ಇಲ್ಲದ್ದು ಟಿವಿಯ ಎದುರಿಗೇ, ಕನ್ನಡಕ ಒರೆಸಿಕೊಂಡು ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

ಮೊದಲರ್ಧ ಪೂರ್ತಿ ಹಿರಿರಾಣಿ ಮತ್ತು ಮಂತ್ರಿ. ಮಂತ್ರಿ ಮೀಸೆ ತಿರುವಿದ, ಹಿರಿರಾಣಿ ಉಂಗುರ ತಿರುವಿದಳು, ಎಲ್ಲರಿಗೂ ಗೊತ್ತಿದ್ದ ಗುಟ್ಟನ್ನು ಒಬ್ಬರಿಗೊಬ್ಬರು ಹೇಳಿಕೊಂಡರು. ಜಾಹೀರಾತು ಬಂತು. ಸೋಪು, ಮಸಾಲೆ ಪುಡಿ, ಮತ್ತೆ ಸೋಪು. ಆಮೇಲೆ ಚಿಕ್ಕರಾಣಿ ದೀಪ ಹಚ್ಚಿದಳು.

“ಅಗಾ, ಚನ್ನಣ್ಣ,” ಅಂದಳು ಸಾವಿತ್ರಮ್ಮ.

ಬಾಗಿಲಲ್ಲಿ ಚನ್ನಪ್ಪ ನಿಂತಿದ್ದ. ಅಂಟುಮೀಸೆಯಲ್ಲೂ ಗುರುತು ಸಿಗುವಂತಿದ್ದ. ಅವನ ಮುಂದೆ, ಸ್ವಲ್ಪ ಪಕ್ಕಕ್ಕೆ, ಚಾಮರ ಹಿಡಿದು ಮಂಜುಳಾ. ಇಬ್ಬರೂ ಒಂದೇ ಚೌಕಟ್ಟಿನಲ್ಲಿ. ಸೇನಾಧಿಪತಿ ಬಂದ, ಗಡಿಯ ಮಾತು ಹೇಳಿದ. ಚಿಕ್ಕರಾಣಿಯ ಕಣ್ಣಿನಿಂದ ನೀರು ನಿಜವಾಗಿಯೇ ಇಳಿಯಿತು. ಮೊದಲ ಟೇಕು.

ಕೈ ಎದ್ದಿತು. ಬಲಗೈ ಈಟಿಯನ್ನು ಹಿಡಿದೇ ಇತ್ತು, ಎದ್ದದ್ದು ಎಡಗೈ. ಅದು ಎದೆಯ ಮೇಲೆ ಅಂಗೈ ಅಗಲಿಸಿ ಒತ್ತಿಕೊಂಡಿತು, ಕಣ್ಣಿನವರೆಗೆ ಹೋಗಲಿಲ್ಲ. ಅವನ ಕಣ್ಣು ದೀಪದ ಕಡೆ ಇರಲಿಲ್ಲ, ಚಾಮರದವಳ ಕಡೆ ಇತ್ತು. ಚಾಮರದವಳು ನಗುತ್ತಿದ್ದಳು. ಅಷ್ಟು ಹೊತ್ತಿಗೆ ಕ್ಯಾಮೆರಾ ಚಿಕ್ಕರಾಣಿಯ ಮುಖಕ್ಕೆ ಹೋಯಿತು.

“ನೋಡಿದ್ರಾ, ದ್ಯಾವರಿಗೆ ಕೈ ಮುಗಿದ,” ಅಂದಳು ಸಾವಿತ್ರಮ್ಮ ಮೂಗೊರೆಸಿಕೊಂಡು. “ನಾಟಕದ ದ್ಯಾವರಾದ್ರೂ ಭಕ್ತಿ ಬುಡ್ಲಿಲ್ಲ, ಪುಣ್ಯಾತ್ಮ. ಅದಕ್ಕೇ ಅಂಥಾ ಸಾವು ಬಂತು, ನರಳಲಿಲ್ಲ, ಹಾಸಿಗೆ ಹಿಡೀಲಿಲ್ಲ.”

“ಹೂಂ, ಕೈ ಮುಗಿದ,” ಅಂದಳು ದೇವೀರಮ್ಮ.

ಉಳಿದವರೂ ಹೌದೆಂದರು. ಕೆಲವರು ಅತ್ತರು. ಎಂಟು ಗಂಟೆಗೆ ಎದ್ದು ಹೋದರು. ಹೋಗುವಾಗ ಸಾವಿತ್ರಮ್ಮ ಮಂಜುಳಾಳ ಭುಜ ಒತ್ತಿ, “ಕಣ್ತುಂಬ ನೋಡಿದ್ಯಲ್ಲ, ಸಮಾಧಾನ ಮಾಡ್ಕ,” ಅಂದಳು. ಟಿವಿಯಲ್ಲಿ ಇನ್ಯಾವುದೋ ಮನೆಯ ಅತ್ತೆ ಇನ್ಯಾವುದೋ ಸೊಸೆಯನ್ನು ಬೈಯುತ್ತಿದ್ದಳು. ದೇವೀರಮ್ಮ ಎದ್ದು ಅದನ್ನು ಆರಿಸಿದಳು.

“ಎಡಗೈ ಅದು,” ಅಂದಳು.

“ಹೂಂ.”

“ನನ್ ಮಗ ಎಡಗೈಲಿ ದ್ಯಾವರಿಗೆ ಮುಗಿಯೋನಲ್ಲ. ಕೈಲಿ ಏನಿದ್ರೂ ಕೆಳಗಿಕ್ಕಿ ಮುಗಿಯೋನು.”

ಮಂಜುಳಾ ಗೋಡೆ ಬಿಟ್ಟು ನೆಟ್ಟಗೆ ಕೂತಳು. ಯಾರಿಗೂ ಹೇಳದಿದ್ದದ್ದನ್ನು ಈಗ ಹೇಳುವುದು ಕಷ್ಟವಾಗಲಿಲ್ಲ. ಬೇರೆಯವರ ವಿಷಯ ಓದಿ ಹೇಳಿದಂತೆ ಹೇಳಿದಳು. “ಕೈ ಇಳಿಸ್ಕಂಡು ನಿಂತ್ಕಳ್ರೀ ಅಂದಿದ್ದು ನಾನೇ ಅತ್ತೆ. ನನ್ ಮರ್ವಾದಿ ಕಳೀಬ್ಯಾಡಿ ಅಂದೆ. ಆಮ್ಯಾಲೆ ಮೂರು ಸಲ ನಿಲ್ಲುಸಿದ್ರು. ಏನೋ ಹೇಳಕ್ಕೆ ಬಾಯಿ ತೆಗುದ್ರು, ನಾನು ಕೇಳ್ಲಿಲ್ಲ.”

ಹೇಳಿ ಕಾದಳು. ಅತ್ತೆ ಬೈಯಲಿ, ಎದೆ ಬಡಿದುಕೊಳ್ಳಲಿ, ನನ್ನ ಮಗನನ್ನು ತಿಂದೆ ಅನ್ನಲಿ ಎಂದು ಅವಳು ಕಾದಳು. ಅದು ಅವಳಿಗೆ ಬೇಕಾಗಿತ್ತು. ಯಾರಾದರೂ ಹೊಡೆದರೆ ಮೈಗೆ ಜೀವ ಬಂದೀತು ಅನ್ನಿಸಿತ್ತು.

ದೇವೀರಮ್ಮ ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

“ನಂಗೊತ್ತು,” ಅಂದಳು. “ಅವತ್ತು ಮನೆಗೆ ಬಂದೇಟಿಗೆ ನಗಾಡ್ಕಂಡು ಹೇಳ್ದ. ಕೈ ಎತ್ತಿದ್ದಕ್ಕೆ ಎಲ್ಲಾರೂ ನಕ್ಕರು ಕಣವ್ವ, ನಿನ್ ಸೊಸೆ ಬಂದು ಗದರಿಕ್ಕಂಡ್ಲು ಅಂತ. ಯಾಕ್ಲಾ ಎತ್ತಿದ್ದೆ ಅಂತ ನಾನು ಕೇಳ್ಲಿಲ್ಲ. ವಸಿ ಹೊತ್ತು ಬುಟ್ಟು, ಎದೆ ಒಳಗೆ ಹಿಡ್ಕಂಡಂಗೆ ಐತೆ ಕಣವ್ವ ಅಂದ. ಬೇಲೂರಿಗೆ ಹೋಗ್ಬರ್ಲಾ ಅಂದ.”

ಮಂಜುಳಾ ಅತ್ತೆಯ ಕಡೆ ತಿರುಗಿದಳು.

“ನಾನೇ ಬ್ಯಾಡ ಅಂದೆ. ಹೊತ್ತು ಮೀರಿ ಉಂಡಿದ್ದೀಯ, ಗ್ಯಾಸು ಕಣ್ಲಾ ಅಂದೆ. ಓಂಕಾಳು ಕಷಾಯ ಕಾಸಿ ಕೊಟ್ಟೆ.” ದೇವೀರಮ್ಮ ಆರಿದ ಟಿವಿಯನ್ನು ನೋಡುತ್ತ ಮಾತಾಡುತ್ತಿದ್ದಳು. “ಟಿವೀಲಿ ಅವ್ನು ದ್ಯಾವರಿಗೇ ಕೈ ಎತ್ತಿರ್‍ಲಿ ಅಂತ ಇಷ್ಟು ದಿವ್ಸ ಬೇಡ್ಕಂಡೆ. ಹಂಗಾದ್ರೆ ನೋವು ಆಗಿನ್ನೂ ಬಂದಿರ್‍ಲಿಲ್ಲ, ಗ್ಯಾಸೇ ಆಗಿತ್ತು ಅಂತ ಅಂದ್ಕಬೋದಾಗಿತ್ತು. ಮಧ್ಯಾಹ್ನದಿಂದ ಇತ್ತಲ್ಲ. ಮಧ್ಯಾಹ್ನದಿಂದ ಇದ್ದ ನೋವಿಗೆ ನಾನು ಓಂಕಾಳು ಕೊಟ್ಟೆ.”

ಹೊರಗೆ ಹಸು ಕಟ್ಟಿದ ಕಣ್ಣಿ ಎಳೆಯುವ ಸದ್ದು ಕೇಳುತ್ತಿತ್ತು.

“ನಾನು ಬಂದಾಗ ಯಾಕೆ ಹೇಳ್ಲಿಲ್ಲ ಅತ್ತೆ?” ಎಂದು ಮಂಜುಳಾ ಕೇಳಿದಳು. ಗದರಿ ಕೇಳಲಿಲ್ಲ. ತಿಳಿಯಬೇಕಾಗಿತ್ತು, ಕೇಳಿದಳು.

“ಹೇಳ್ತಿದ್ದೆ. ಕಷಾಯ ಕುಡ್ದು ಮಲಿಕ್ಕಳೋವಾಗ ಅವ್ನೇ ತಡುದ. ಮಂಜುಳ ಬಂದ್ರೆ ಏನೂ ಹೇಳ್ಬ್ಯಾಡ ಕಣವ್ವ, ಬೆಳಗ್ಗಿಂದ ನಿಂತೂ ನಿಂತೂ ದಣ್ದಿರ್ತಾಳೆ ಅಂದ.”